ದೇವರ ಸ್ನೇಹಿತರಾಗುವುದು: "ನಾನು ಆಜ್ಞಾಪಿಸಿದ್ದನ್ನು ಮಾಡಿದರೆ" ಎಂಬ ಷರತ್ತಿನ ಅರ್ಥವೇನು?

ಪ್ರಶ್ನೆ (ಬರೆದವರು: ಹುಡುಕಾಟ)

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯವನ್ನು ಓದುವಾಗಲೆಲ್ಲ ನನ್ನನ್ನು ತಡೆದು ನಿಲ್ಲಿಸುವ ಒಂದು ವಚನದ ಬಗ್ಗೆ ಇಲ್ಲಿ ಕೇಳುತ್ತಿದ್ದೇನೆ. 13ನೆಯ ವಚನದಲ್ಲಿ ಯೇಸು, ಸ್ನೇಹಿತರಿಗಾಗಿ ಪ್ರಾಣವನ್ನೇ ಕೊಡುವ ಪ್ರೀತಿಗಿಂತ ಹೆಚ್ಚಿನ ಪ್ರೀತಿ ಯಾವುದೂ ಇಲ್ಲವೆಂದು ಹೇಳುತ್ತಾನೆ. 15ನೆಯ ವಚನದಲ್ಲಿ ಶಿಷ್ಯರನ್ನು ಇನ್ನು ಮೇಲೆ ಆಳುಗಳೆಂದು ಕರೆಯದೆ ಸ್ನೇಹಿತರೆಂದು ಕರೆಯುತ್ತಾನೆ. ಇವೆರಡರ ನಡುವೆ ಇರುವ 14ನೆಯ ವಚನ ಮಾತ್ರ, "ನಾನು ಆಜ್ಞಾಪಿಸಿದ್ದನ್ನು ಮಾಡಿದರೆ ನೀವು ನನ್ನ ಸ್ನೇಹಿತರು" ಎಂಬ ಅರ್ಥವನ್ನು ಕೊಡುತ್ತದೆ.

ಆಜ್ಞೆಗೆ ವಿಧೇಯರಾಗಿರುವ ತನಕ ಮಾತ್ರ ಉಳಿಯುವ ಸಂಬಂಧವನ್ನು ಸ್ನೇಹವೆಂದು ಕರೆಯುವುದಾದರೂ ಹೇಗೆ? ಯಜಮಾನನೂ ತನ್ನ ಆಳಿಗೆ ಇದನ್ನೇ ಅಲ್ಲವೇ ಹೇಳುವುದು? ಪ್ರಸಂಗಗಳಲ್ಲಿ ದೇವರ ಸ್ನೇಹದ ಸೌಭಾಗ್ಯವನ್ನು ಧಾರಾಳವಾಗಿ ವರ್ಣಿಸುತ್ತಾರೆ. ಆದರೆ ಆ ಸೌಭಾಗ್ಯ ನಿರ್ದಿಷ್ಟವಾಗಿ ಯಾವುದು, ಅದರೊಂದಿಗೆ ನಮ್ಮ ಮೇಲೆ ಬೀಳುವ ಹೊಣೆ ಯಾವುದು ಎಂಬುದನ್ನು ವಚನಗಳ ಆಧಾರದ ಮೇಲೆ ಯಾರಾದರೂ ವಿವರಿಸಿದರೆ ಉಪಕಾರವಾಗುತ್ತದೆ. ಸಮಾಧಾನದ ಮಾತುಗಳಿಗಿಂತ ವಾದವನ್ನೇ ನಿರೀಕ್ಷಿಸುತ್ತೇನೆ.

ಉತ್ತರ 1 (ಬರೆದವರು: ದ್ರಾಕ್ಷಾಬಳ್ಳಿ)

ತಮ್ಮ ಪ್ರಶ್ನೆ ನ್ಯಾಯವಾದದ್ದು. ಉತ್ತರದ ಮೊದಲ ಭಾಗ ಅದೇ 15ನೆಯ ವಚನದಲ್ಲಿದೆ. ಆಳಿಗೂ ಸ್ನೇಹಿತನಿಗೂ ಇರುವ ವ್ಯತ್ಯಾಸ ವಿಧೇಯತೆಯಲ್ಲಿದೆ ಎಂದು ಯೇಸು ಹೇಳುವುದಿಲ್ಲ. ತಿಳಿವಳಿಕೆಯಲ್ಲಿದೆ ಎಂದು ಹೇಳುತ್ತಾನೆ. ಯಜಮಾನನು ಮಾಡುವುದು ಆಳಿಗೆ ತಿಳಿಯದು. ತಾನಾದರೋ ತಂದೆಯಿಂದ ಕೇಳಿದ್ದನ್ನೆಲ್ಲ ಶಿಷ್ಯರಿಗೆ ತಿಳಿಸಿದ್ದೇನೆ ಎನ್ನುವುದೇ ಅವರನ್ನು ಸ್ನೇಹಿತರೆಂದು ಕರೆಯುವುದಕ್ಕೆ ಆತನು ಕೊಡುವ ಕಾರಣ. ಆಳೂ ಆಜ್ಞೆಯನ್ನು ಪಾಲಿಸುತ್ತಾನೆ, ಸ್ನೇಹಿತನೂ ಪಾಲಿಸುತ್ತಾನೆ; ಆದರೆ ಒಬ್ಬನು ಏಕೆಂದು ತಿಳಿಯದೆ ಮಾಡುತ್ತಾನೆ, ಇನ್ನೊಬ್ಬನು ಆ ಕೆಲಸದ ಉದ್ದೇಶವನ್ನು ಅರಿತು, ಅದನ್ನು ತನ್ನದಾಗಿಸಿಕೊಂಡು ಮಾಡುತ್ತಾನೆ. ದೇವರ ಮನಸ್ಸಿನಲ್ಲಿರುವುದನ್ನು ದೇವರೇ ನಮಗೆ ಹೇಳುತ್ತಾನೆ ಎಂಬುದೇ ಈ ಸ್ನೇಹದ ಮುಖ್ಯ ಸೌಭಾಗ್ಯವೆಂದು ನಾನು ತಿಳಿದಿದ್ದೇನೆ. ಪ್ರಾರ್ಥನೆಯಲ್ಲಿ ಧೈರ್ಯ, ಕಷ್ಟದಲ್ಲಿ ಸಾಂತ್ವನ ಮೊದಲಾದ ಉಳಿದವೆಲ್ಲ ಅದರ ಹಿಂದೆ ಬರುತ್ತವೆ.

ಇದು ಹೊಸ ಒಡಂಬಡಿಕೆಯಲ್ಲಿ ಥಟ್ಟನೆ ಹುಟ್ಟಿದ ವಿಚಾರವಲ್ಲ. ದೇವರ ಸ್ನೇಹಿತನೆಂಬ ಹೆಸರು ಸತ್ಯವೇದದಲ್ಲಿ ಮುಖ್ಯವಾಗಿ ಅಬ್ರಹಾಮನಿಗೆ ಸಲ್ಲುತ್ತದೆ (2 ಪೂರ್ವಕಾಲವೃತ್ತಾಂತ 20:7, ಯೆಶಾಯ 41:8, ಯಾಕೋಬ 2:23). ಆ ಸ್ನೇಹ ಹೇಗಿತ್ತು ಎಂಬುದನ್ನು ನೋಡಬೇಕಾದರೆ ಆದಿಕಾಂಡದ 18ನೆಯ ಅಧ್ಯಾಯಕ್ಕೆ ಹೋಗಬೇಕು. ಪಾಪದಿಂದ ತುಂಬಿದ ಸೊದೋಮ್ ಪಟ್ಟಣವನ್ನು ನಾಶಮಾಡಲು ಅದರ ಕಡೆಗೆ ಹೊರಟ ಯೆಹೋವನು, ತಾನು ಮಾಡಲಿರುವುದನ್ನು ಅಬ್ರಹಾಮನಿಗೆ ಮರೆಮಾಡಬೇಕೇ ಎಂದು ತನ್ನಲ್ಲೇ ಕೇಳಿಕೊಳ್ಳುತ್ತಾನೆ. ಮರೆಮಾಡದಿರಲು ಆತನು ಕೊಡುವ ಕಾರಣವನ್ನು ನಾವು ಬಹಳ ಸಲ ಓದಿ ದಾಟಿಬಿಡುತ್ತೇವೆ. ಅಬ್ರಹಾಮನು ತನ್ನ ಮಕ್ಕಳಿಗೂ ಮನೆಯವರಿಗೂ ನೀತಿನ್ಯಾಯಗಳನ್ನು ನಡೆಸುವ ದಾರಿಯನ್ನು ಕಲಿಸಬೇಕಾದವನು, ಅದಕ್ಕಾಗಿಯೇ ಆತನು ಅವನನ್ನು ಆರಿಸಿಕೊಂಡಿದ್ದಾನೆ (18:19). ಅಂದರೆ ಗುಟ್ಟನ್ನು ಹೇಳುವ ಕಾರಣದೊಳಗೇ ಹೊಣೆ ಅಡಗಿದೆ. ಮೊದಲು ಸೌಭಾಗ್ಯ, ಆಮೇಲೆ ಅದಕ್ಕೆ ತೆರಬೇಕಾದ ಬೆಲೆಯಾಗಿ ಜವಾಬ್ದಾರಿ ಎಂಬ ಎರಡು ಹಂತಗಳು ಅಲ್ಲಿ ಇಲ್ಲ.

ತಿಳಿದ ಮೇಲೆ ಅಬ್ರಹಾಮನು ಏನು ಮಾಡಿದನು? ದೇವರು ಅವನಿಗೆ ಯಾವ ಆಜ್ಞೆಯನ್ನೂ ಕೊಟ್ಟಿರಲಿಲ್ಲ. ಆ ಪಟ್ಟಣಕ್ಕಾಗಿ ಬೇಡಿಕೊಳ್ಳೆಂದು ಹೇಳಿರಲಿಲ್ಲ. ಆದರೂ ಅವನು ದೇವರ ಮುಂದೆ ನಿಂತು, ಸರ್ವಲೋಕಕ್ಕೆ ನ್ಯಾಯತೀರಿಸುವವನು ನ್ಯಾಯವನ್ನೇ ನಡೆಸಬೇಕಲ್ಲವೇ ಎಂದು ಕೇಳುವಷ್ಟು ಧೈರ್ಯ ಮಾಡಿದನು. ಐವತ್ತು ಮಂದಿ ನೀತಿವಂತರು ಸಿಕ್ಕಿದರೆ ಪಟ್ಟಣವನ್ನು ಉಳಿಸುವೆಯಾ ಎಂಬಲ್ಲಿಂದ ಆರಂಭಿಸಿ ನಲವತ್ತೈದು, ನಲವತ್ತು, ಮೂವತ್ತು, ಇಪ್ಪತ್ತು ಎಂದು ಇಳಿಸುತ್ತಾ ಹತ್ತರ ತನಕ ಬಂದನು. ಇದಕ್ಕೆ ಪಕ್ಕದಲ್ಲಿ ಪ್ರವಾದಿ ಯೋನನನ್ನು ಇಟ್ಟು ನೋಡಿ. ಅವನಿಗೂ ಒಂದು ಪಟ್ಟಣದ ನಾಶದ ಸುದ್ದಿಯನ್ನು ದೇವರು ತಿಳಿಸಿದನು. ದೇವರು ದಯಾಳುವೆಂಬುದೂ ಅವನಿಗೆ ಗೊತ್ತಿತ್ತು (ಯೋನ 4:2). ಆದರೆ ಆ ತಿಳಿವಳಿಕೆಯನ್ನು ಅವನು ನಿನೆವೆಯ ಪರವಾಗಿ ಬಳಸಲಿಲ್ಲ. ಪಟ್ಟಣ ಉಳಿದದ್ದಕ್ಕೇ ಮುನಿದುಕೊಂಡನು. ಇಬ್ಬರಿಗೂ ದೇವರು ಸಂಗತಿಯನ್ನು ತಿಳಿಸಿದ್ದನು. ಒಬ್ಬನು ಪರರಿಗಾಗಿ ವಾದಿಸಿದನು, ಇನ್ನೊಬ್ಬನು ದೇವರ ಕರುಣೆಯ ಮೇಲೆಯೇ ದೂರು ಹೇಳಿದನು. ತಿಳಿದವನ ಹೊಣೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಜೋಡಿ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಇನ್ನು "ಮಾಡಿದರೆ" ಎಂಬ ಷರತ್ತಿನ ವಿಷಯ. ಅದನ್ನು ಸ್ನೇಹವನ್ನು ಗಳಿಸಿಕೊಳ್ಳುವ ಬೆಲೆಯೆಂದು ಓದಿದರೆ ಯೋಹಾನ 15ರ 16ನೆಯ ವಚನ ಅಡ್ಡ ನಿಲ್ಲುತ್ತದೆ: ನೀವು ನನ್ನನ್ನು ಆರಿಸಿಕೊಳ್ಳಲಿಲ್ಲ, ನಾನೇ ನಿಮ್ಮನ್ನು ಆರಿಸಿಕೊಂಡೆನು. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನೂ, ನಾವು ಇನ್ನೂ ವೈರಿಗಳಾಗಿದ್ದಾಗಲೇ ದೇವರೊಂದಿಗೆ ಸಮಾಧಾನವಾಯಿತೆಂದು ಹೇಳುತ್ತಾನೆ (5:10). ಹಾಗಾಗಿ ವಿಧೇಯತೆಯನ್ನು ಈ ಸ್ನೇಹದ ಗುರುತೆಂದು ಓದುವುದೇ ಸರಿ. ಇದಕ್ಕೆ ಬಲವಾದ ಸಾಕ್ಷಿ ಯೇಸು ಈ ಮಾತನ್ನಾಡಿದ, ಆತನನ್ನು ಬಂಧಿಸಿದ ಆ ರಾತ್ರಿಯಲ್ಲೇ ಇದೆ. ಸ್ನೇಹಿತರೆಂದು ಕರೆಸಿಕೊಂಡ ಕೆಲವೇ ಗಂಟೆಗಳಲ್ಲಿ ಶಿಷ್ಯರೆಲ್ಲರೂ ಓಡಿಹೋದರು. ಶಿಷ್ಯನಾದ ಪೇತ್ರನು ಆತನನ್ನು ಅರಿಯೆನೆಂದು ಮೂರು ಸಾರಿ ಅಲ್ಲಗಳೆದನು. ಷರತ್ತು ವ್ಯಾಪಾರದ ಒಪ್ಪಂದದ್ದಾಗಿದ್ದರೆ ಅಲ್ಲಿಗೆ ಎಲ್ಲವೂ ಮುಗಿಯಬೇಕಿತ್ತು. ಆದರೆ ಪುನರುತ್ಥಾನದ ಬೆಳಿಗ್ಗೆ ಯೇಸು ಅವರನ್ನು ತನ್ನ ಸಹೋದರರೆಂದು ಕರೆಯುತ್ತಾನೆ (ಯೋಹಾನ 20:17), ಅನಂತರ ಪೇತ್ರನನ್ನು ಮೂರು ಸಾರಿ ಪ್ರಶ್ನಿಸಿ, ಪ್ರತಿ ಸಾರಿಯೂ ತನ್ನ ಕುರಿಗಳನ್ನು ಅವನ ಕೈಗೆ ಒಪ್ಪಿಸುತ್ತಾನೆ. ಮುರಿದ ಸ್ನೇಹವನ್ನು ಕೂಡಿಸುವಾಗಲೂ ಹೊಣೆ ಜೊತೆಯಲ್ಲೇ ಬಂದಿದೆಯೆಂಬುದನ್ನು ತಾವು ಗಮನಿಸಬೇಕು.

ಉತ್ತರ 2 (ಬರೆದವರು: ಧೂಳುಬೂದಿ)

ದ್ರಾಕ್ಷಾಬಳ್ಳಿಯವರ ವಿವರಣೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಅವರು ಯಜಮಾನ ಮತ್ತು ಆಳು ಎಂಬ ಸಂಬಂಧವನ್ನು ಸ್ವಲ್ಪ ಬೇಗನೇ ಬದಿಗೆ ಸರಿಸಿದ್ದಾರೆಂದು ನನಗೆ ತೋರುತ್ತದೆ. ಅದೇ ಅಧ್ಯಾಯದ 20ನೆಯ ವಚನದಲ್ಲಿ, ಅಂದರೆ ಸ್ನೇಹಿತರೆಂದು ಕರೆದ ಐದು ವಚನಗಳ ನಂತರ, ಆಳು ತನ್ನ ಯಜಮಾನನಿಗಿಂತ ದೊಡ್ಡವನಲ್ಲವೆಂಬ ಹಿಂದಿನ ಮಾತನ್ನು ಜ್ಞಾಪಕಮಾಡಿಕೊಳ್ಳಿರೆಂದು ಯೇಸು ಹೇಳುತ್ತಾನೆ. ಅಪೊಸ್ತಲರೂ ಅದನ್ನು ಮರೆಯಲಿಲ್ಲ. ಪೌಲನು ರೋಮಾಪುರದವರಿಗೆ ಬರೆಯುವಾಗ, ಯಾಕೋಬನು ಹನ್ನೆರಡು ಕುಲದವರಿಗೆ ಬರೆಯುವಾಗ, ಯೂದನು ತನ್ನ ಚಿಕ್ಕ ಪತ್ರಿಕೆಯನ್ನು ಬರೆಯುವಾಗ, ಎಲ್ಲರೂ ತಮ್ಮನ್ನು ಯೇಸು ಕ್ರಿಸ್ತನ ದಾಸರೆಂದೇ ಪರಿಚಯಿಸಿಕೊಳ್ಳುತ್ತಾರೆ. "ಕ್ರಿಸ್ತನ ಸ್ನೇಹಿತನಾದ ನಾನು" ಎಂದು ಆರಂಭವಾಗುವ ಪತ್ರಿಕೆ ಒಂದೂ ಇಲ್ಲ.

ಅಬ್ರಹಾಮನ ವಿಷಯದಲ್ಲಿಯೂ ಹೀಗೆಯೇ. ಅವನನ್ನು ಸ್ನೇಹಿತನೆಂದು ಕರೆದವನು ಯೆಶಾಯನ ಗ್ರಂಥದಲ್ಲಿ ದೇವರು, ಪೂರ್ವಕಾಲವೃತ್ತಾಂತದಲ್ಲಿ ಅರಸನಾದ ಯೆಹೋಷಾಫಾಟನು, ಪತ್ರಿಕೆಯಲ್ಲಿ ಯಾಕೋಬನು. ಅಬ್ರಹಾಮನೇ ತನ್ನನ್ನು ಕರೆದುಕೊಂಡದ್ದು ಬೇರೆ ರೀತಿಯಲ್ಲಿ: ಸೊದೋಮಿಗಾಗಿ ವಾದಿಸುತ್ತಿದ್ದ ಅದೇ ಗಳಿಗೆಯಲ್ಲಿ, ನಾನು ಮಣ್ಣೂ ಬೂದಿಯೂ ಆಗಿದ್ದರೂ ಮಾತಾಡುವುದಕ್ಕೆ ಧೈರ್ಯಗೊಂಡಿದ್ದೇನೆ ಎನ್ನುತ್ತಾನೆ (ಆದಿಕಾಂಡ 18:27). ದೇವರು ನನ್ನ ಸ್ನೇಹಿತನೆಂದು ನಾವು ಹೇಳಿಕೊಳ್ಳುವುದಕ್ಕೂ ದೇವರು ಒಬ್ಬನನ್ನು ತನ್ನ ಸ್ನೇಹಿತನೆಂದು ಕರೆಯುವುದಕ್ಕೂ ಬಹಳ ದೂರವಿದೆ. ಮೊದಲನೆಯದು ಈಗಿನ ಕೆಲವು ಗೀತೆಗಳಲ್ಲಿಯೂ ಪ್ರಸಂಗಗಳಲ್ಲಿಯೂ ಎಷ್ಟು ಸಲೀಸಾಗಿದೆಯೆಂದರೆ, ಭಯಭಕ್ತಿಯೆಂಬುದು ಸ್ನೇಹಕ್ಕೆ ವಿರುದ್ಧವಾದದ್ದೆಂದೇ ಹೊಸಬರು ತಿಳಿಯುವಂತಾಗಿದೆ. 25ನೆಯ ಕೀರ್ತನೆಯ 14ನೆಯ ವಚನವಾದರೋ ಯೆಹೋವನ ಆಪ್ತತೆ ಆತನಿಗೆ ಭಯಪಡುವವರಿಗೇ ದೊರೆಯುತ್ತದೆಂದು ಹೇಳುತ್ತದೆ. ವಿಮೋಚನಕಾಂಡದ 33ನೆಯ ಅಧ್ಯಾಯದಲ್ಲಿಯೂ, ಒಬ್ಬನು ತನ್ನ ಸ್ನೇಹಿತನೊಡನೆ ಮಾತಾಡುವಂತೆ ದೇವರು ಮೋಶೆಯೊಡನೆ ಮುಖಾಮುಖಿಯಾಗಿ ಮಾತಾಡಿದನೆಂದು 11ನೆಯ ವಚನ ಹೇಳಿದರೆ, ನನ್ನ ಮುಖವನ್ನು ನೋಡಲಾರೆ ಎಂದು ಅದೇ ಮೋಶೆಗೆ 20ನೆಯ ವಚನದಲ್ಲಿ ದೇವರು ಹೇಳುತ್ತಾನೆ. ಈ ಎರಡು ವಚನಗಳನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಮಗಿಲ್ಲ.

ತಿಳಿವಳಿಕೆಯ ಬಗ್ಗೆ ಇನ್ನೊಂದು ಮಾತು. ಲೂಕ 12:47–48ರ ಪ್ರಕಾರ ಯಜಮಾನನ ಚಿತ್ತವನ್ನು ಅರಿತೂ ಅದರಂತೆ ನಡೆಯದ ಆಳಿಗೆ ಬೀಳುವ ಪೆಟ್ಟುಗಳು, ಅರಿಯದೆ ತಪ್ಪಿದವನಿಗಿಂತ ಹೆಚ್ಚು. ದೇವರ ಮನಸ್ಸನ್ನು ತಿಳಿಯುವುದೇ ಸೌಭಾಗ್ಯವೆಂದು ಒಪ್ಪಿದ ಮೇಲೆ, ನನಗೆ ಗೊತ್ತಿರಲಿಲ್ಲ ಎಂಬ ನೆಪವನ್ನು ಸ್ನೇಹಿತನು ಕಳೆದುಕೊಳ್ಳುತ್ತಾನೆಂಬುದನ್ನೂ ಒಪ್ಪಬೇಕು.

ಉತ್ತರ 3 (ಬರೆದವರು: ಗ್ರಂಥಾಲಯದ ಮೂಲೆ)

ಸ್ನೇಹಕ್ಕೆ ಸಮಾನತೆ ಬೇಕಲ್ಲವೇ ಎಂಬ ಆಕ್ಷೇಪ ತಮ್ಮ ಪ್ರಶ್ನೆಯ ಅಡಿಯಲ್ಲಿದೆ. ಅದು ಬಹಳ ಹಳೆಯದು. ನೀತಿಶಾಸ್ತ್ರವನ್ನು ಕುರಿತ ತನ್ನ ಗ್ರಂಥದ 8ನೆಯ ಪುಸ್ತಕದಲ್ಲಿ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು, ಇಬ್ಬರ ನಡುವಿನ ಅಂತರ ಮಿತಿಮೀರಿದರೆ ಸ್ನೇಹ ಉಳಿಯದೆಂದು ವಾದಿಸಿ, ದೇವರುಗಳನ್ನೇ ಅದಕ್ಕೆ ಸ್ಪಷ್ಟವಾದ ಉದಾಹರಣೆಯಾಗಿ ಕೊಡುತ್ತಾನೆ. ಅರಿಸ್ಟಾಟಲನನ್ನು ಆಳವಾಗಿ ಓದಿಕೊಂಡಿದ್ದ ಕ್ರೈಸ್ತ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸನು (1225–1274) ಇದಕ್ಕೆ ವಿರುದ್ಧವಾಗಿ, ದೈವಪ್ರೀತಿಯೆಂಬ ಸದ್ಗುಣವೇ ಮನುಷ್ಯನಿಗೂ ದೇವರಿಗೂ ನಡುವಿನ ಸ್ನೇಹವೆಂದು ನಿರೂಪಿಸಿದನು; ಅದಕ್ಕೆ ಅವನು ಆಧಾರವಾಗಿ ತೆಗೆದುಕೊಂಡದ್ದು ನಾವು ಚರ್ಚಿಸುತ್ತಿರುವ ಯೋಹಾನ 15:15ನ್ನೇ. ಒಬ್ಬರು ಇನ್ನೊಬ್ಬರ ಹಿತವನ್ನು ಬಯಸುವುದು, ಆ ಬಯಕೆ ಎರಡೂ ಕಡೆಯಿಂದ ಇರುವುದು, ಇಬ್ಬರಿಗೂ ಸೇರಿದ ಯಾವುದಾದರೊಂದು ಸಂಗತಿಯ ಮೇಲೆ ಅದು ನಿಂತಿರುವುದು, ಇಷ್ಟಿದ್ದರೆ ಸ್ನೇಹವೆನ್ನಬಹುದು. ದೇವರು ತನ್ನ ಆನಂದದಲ್ಲಿಯೇ ಮನುಷ್ಯನಿಗೆ ಪಾಲು ಕೊಡುವುದರಿಂದ, ಇಬ್ಬರಿಗೂ ಸೇರಿದ ಆ ಸಂಗತಿಯೂ ದೇವರ ಕಡೆಯಿಂದಲೇ ಬರುತ್ತದೆಂಬುದು ಅವನ ವಾದದ ತಿರುಳು.

ಅಂತರವನ್ನು ದಾಟಿದವನು ದೇವರು ಎಂಬುದಿಷ್ಟೇ ಇಲ್ಲಿ ಮುಖ್ಯ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ (2:7) ಕ್ರಿಸ್ತನು ದಾಸನ ರೂಪವನ್ನು ಧರಿಸಿದನೆನ್ನುತ್ತದೆ. ಸುವಾರ್ತೆ ಆತನು ಆಳುಗಳನ್ನು ಸ್ನೇಹಿತರೆಂದು ಕರೆದನೆನ್ನುತ್ತದೆ. ಎರಡೂ ಒಂದೇ ಕ್ರಿಯೆಯ ಎರಡು ಮುಖಗಳು. ಶಿಷ್ಯರ ಪಾದ ತೊಳೆದ ರಾತ್ರಿಯೇ ಯೇಸು ಆ ಮಾತನ್ನು ಆಡಿದ್ದು ಆಕಸ್ಮಿಕವಲ್ಲವೆಂದು ನನ್ನ ಅಭಿಪ್ರಾಯ.

ಧೂಳುಬೂದಿಯವರ ಎಚ್ಚರಿಕೆಗೆ ಒಂದು ಸಣ್ಣ ತಿದ್ದುಪಡಿ. ದೇವರೊಂದಿಗಿನ ಆಪ್ತತೆಯ ಮಾತು ಈಗಿನ ಕಾಲದ ಸಡಿಲತೆಯಲ್ಲ. 14ನೆಯ ಶತಮಾನದಲ್ಲಿ ರೈನ್ ನದಿಯ ಸೀಮೆಯಲ್ಲಿ, ಯೋಹಾನ್ನೆಸ್ ಟೌಲರನಂಥ ಬೋಧಕರ ಸುತ್ತ ಸೇರಿದ್ದ ಭಕ್ತರಿಗೆ "ದೇವರ ಸ್ನೇಹಿತರು" ಎಂಬ ಹೆಸರೇ ಇತ್ತು. 16ನೆಯ ಶತಮಾನದಲ್ಲಿ ಸನ್ಯಾಸಿನಿ ಆವಿಲಾದ ತೆರೇಸಾ ಪ್ರಾರ್ಥನೆಯನ್ನು, ನಮ್ಮನ್ನು ಪ್ರೀತಿಸುತ್ತಾನೆಂದು ಬಲ್ಲ ಸ್ನೇಹಿತನೊಡನೆ ಆಗಾಗ ಏಕಾಂತದಲ್ಲಿ ನಡೆಸುವ ಸಂಭಾಷಣೆಯೆಂದು ವಿವರಿಸಿದಳು. 1965ರಲ್ಲಿ ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಪ್ರಕಟಣೆಯನ್ನು ಕುರಿತ ತನ್ನ ದಾಖಲೆಯಲ್ಲಿ, ದೇವರು ಮನುಷ್ಯರೊಡನೆ ಸ್ನೇಹಿತರೊಡನೆ ಮಾತಾಡುವಂತೆ ಮಾತಾಡುತ್ತಾನೆಂದು ಬರೆಯಿತು. ಈ ಆಪ್ತತೆಯ ಬಗ್ಗೆ ಬರೆದವರಲ್ಲಿ ಹಲವರು ಕಠಿಣವಾದ ಶಿಸ್ತಿನಲ್ಲಿ ಬದುಕಿದ ಸನ್ಯಾಸಿ ಸನ್ಯಾಸಿನಿಯರೆಂಬುದನ್ನೂ ಗಮನಿಸಬಹುದು.

ಹುಡುಕಾಟ (ಪ್ರಶ್ನೆ ಕೇಳಿದವರು)

ಮೂವರಿಗೂ ಕೃತಜ್ಞತೆಗಳು. ಷರತ್ತನ್ನು ಗುರುತೆಂದು ಓದುವುದು ನನಗೆ ಒಪ್ಪಿಗೆಯಾಗಿದೆ. ಆದರೆ ಒಂದು ಕೊಂಡಿ ಇನ್ನೂ ಕೂಡುತ್ತಿಲ್ಲ. ತಿಳಿಸುವುದೇ ಸ್ನೇಹದ ತಿರುಳಾದರೆ, ದೇವರು ಏನನ್ನೂ ತಿಳಿಸದೆ ಮೌನವಾಗಿರುವಾಗ, ಬೇಡಿದ್ದಕ್ಕೆ "ಇಲ್ಲ" ಎಂದಾಗ ಸ್ನೇಹಕ್ಕೆ ಏನಾಯಿತೆಂದು ತಿಳಿಯಬೇಕು? ಯೋಹಾನ 15:7 ಮತ್ತು 16ರಲ್ಲಿ ಏನನ್ನು ಬೇಡಿಕೊಂಡರೂ ದೊರೆಯುತ್ತದೆಂಬ ಮಾತೂ ಇದೆಯಲ್ಲ.

ಉತ್ತರ 4 (ಬರೆದವರು: ದ್ರಾಕ್ಷಾಬಳ್ಳಿ)

ದೇವರು "ಇಲ್ಲ" ಎಂದ ಪ್ರಸಂಗಗಳಲ್ಲಿ ಅತಿ ಕಠಿಣವಾದವು ಆತನಿಗೆ ಅತಿ ಸಮೀಪದಲ್ಲಿದ್ದವರ ಬದುಕಿನಲ್ಲೇ ಇವೆ. ಇಸ್ರಾಯೇಲ್ಯರು ಚಿನ್ನದ ಬಸವನನ್ನು ಮಾಡಿ ಪೂಜಿಸಿದ ಪ್ರಕರಣದಲ್ಲಿ ಮೋಶೆ ಜನರಿಗಾಗಿ ಬೇಡಿಕೊಂಡು, ಅವರನ್ನು ಕ್ಷಮಿಸದಿದ್ದರೆ ನಿನ್ನ ಪುಸ್ತಕದಿಂದ ನನ್ನ ಹೆಸರನ್ನೇ ಅಳಿಸಿಬಿಡು ಎಂದನು (ವಿಮೋಚನಕಾಂಡ 32:32). ಜನರು ನಿರ್ನಾಮವಾಗದೆ ಉಳಿದರು. ಅದೇ ಮೋಶೆ ಯೊರ್ದನ್ ಹೊಳೆಯನ್ನು ದಾಟಿ ಆ ಒಳ್ಳೆಯ ದೇಶವನ್ನು ನೋಡುವೆನೆಂದು ತನಗಾಗಿ ಬೇಡಿಕೊಂಡಾಗ, ಸಾಕು, ಈ ವಿಷಯದಲ್ಲಿ ಇನ್ನು ನನ್ನೊಡನೆ ಮಾತಾಡಬೇಡ ಎಂಬ ಉತ್ತರ ಬಂದಿತು (ಧರ್ಮೋಪದೇಶಕಾಂಡ 3:26). ಮುಖಾಮುಖಿಯಾಗಿ ಮಾತಾಡುತ್ತಿದ್ದ ಸ್ನೇಹಿತನಿಗೆ ಬಂದ ಮಾತು ಅದು. ಪೌಲನು ತಾನು ಶರೀರದ ಮುಳ್ಳೆಂದು ಕರೆದ ಬಾಧೆಯ ವಿಷಯದಲ್ಲಿ ಮೂರು ಸಾರಿ ಬೇಡಿಕೊಂಡನು. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಮಾತು ದೊರೆಯಿತು. ಸೆರೆಯಾಗುವ ಮುನ್ನ ಗೆತ್ಸೇಮನೆ ತೋಟದಲ್ಲಿ ಮಗನಾದ ಯೇಸುವೇ ದೂರಮಾಡೆಂದು ಬೇಡಿಕೊಂಡ ಕಷ್ಟದ ಪಾತ್ರೆ ದೂರವಾಗಲಿಲ್ಲ.

15:7ರಲ್ಲಿರುವ ವಾಗ್ದಾನದ ಮೊದಲರ್ಧವನ್ನು ನಾವು ಬಿಡಬಾರದು: ನನ್ನ ಮಾತುಗಳು ನಿಮ್ಮಲ್ಲಿ ನೆಲೆಗೊಂಡಿದ್ದರೆ. 16ನೆಯ ವಚನದಲ್ಲಿಯೂ ಬೇಡಿಕೊಳ್ಳುವ ಮಾತಿಗಿಂತ ಮೊದಲು ಹೋಗಿ ಫಲ ಕೊಡಬೇಕೆಂಬ ನೇಮಕವಿದೆ. ಆತನ ಉದ್ದೇಶವನ್ನು ತಿಳಿದವರು ಆ ಉದ್ದೇಶಕ್ಕಾಗಿ ಬೇಡುವುದನ್ನು ಕುರಿತ ವಾಗ್ದಾನವದು. ತಂದೆಯಿಂದ ಕೇಳಿದ್ದನ್ನೆಲ್ಲ ತಿಳಿಸಿದ್ದೇನೆ ಎಂಬುದಕ್ಕೂ ನಮ್ಮ ಬದುಕಿನ ಪ್ರತಿಯೊಂದು ಘಟನೆಗೂ ಕಾರಣ ಹೇಳುತ್ತೇನೆ ಎಂಬುದಕ್ಕೂ ವ್ಯತ್ಯಾಸವಿದೆ. ಆ ರಾತ್ರಿ ಶಿಷ್ಯರಿಗೆ ತಿಳಿಸಿದ್ದು ತಂದೆ ಯಾರು, ಮಗನನ್ನು ಏಕೆ ಕಳುಹಿಸಿದನು, ಅವರು ಇನ್ನು ಮುಂದೆ ಹೇಗೆ ಬದುಕಬೇಕು ಎಂಬುದನ್ನು. ಯೋಬನಿಗೂ ತನ್ನ ಕಷ್ಟದ ಕಾರಣ ಕೊನೆಯ ತನಕ ತಿಳಿಯಲಿಲ್ಲ. ಆದರೂ ದೇವರು ಅವನ ಪಕ್ಷದಲ್ಲಿ ಮಾತಾಡಿ, ಅವನನ್ನು ನೋಯಿಸಿದ ಮೂವರು ಗೆಳೆಯರಿಗಾಗಿ ಪ್ರಾರ್ಥಿಸುವ ಕೆಲಸವನ್ನು ಅವನಿಗೇ ಒಪ್ಪಿಸಿದನು (ಯೋಬ 42:8).

ಸೊದೋಮಿನ ಕತೆಯ ಕೊನೆಯನ್ನೂ ಓದಬೇಕು. ಹತ್ತು ಮಂದಿ ಸಿಗಲಿಲ್ಲ, ಪಟ್ಟಣ ಉಳಿಯಲಿಲ್ಲ. ಆದರೆ ದೇವರು ಅಬ್ರಹಾಮನನ್ನು ನೆನಪಿಗೆ ತಂದುಕೊಂಡು, ಅವನ ಸಹೋದರನ ಮಗನೂ ಸೊದೋಮಿನ ನಿವಾಸಿಯೂ ಆದ ಲೋಟನನ್ನು ಆ ನಾಶದಿಂದ ಹೊರಗೆ ಕಳುಹಿಸಿದನೆಂದು ಆದಿಕಾಂಡ 19:29 ಹೇಳುತ್ತದೆ. ಆ ಸಂಭಾಷಣೆಯಲ್ಲಿ ಅಬ್ರಹಾಮನು ಲೋಟನ ಹೆಸರನ್ನು ಒಂದು ಸಾರಿಯೂ ಎತ್ತಿರಲಿಲ್ಲ.

ಉತ್ತರ 5 (ಬರೆದವರು: ಬೇಥಾನ್ಯ)

ಇಷ್ಟು ಚರ್ಚೆಯಾದರೂ ಆ ಆಜ್ಞೆ ಯಾವುದೆಂದು ಯಾರೂ ಹೇಳಿಲ್ಲವೆಂಬುದು ನನಗೆ ಆಶ್ಚರ್ಯವಾಗಿದೆ. 14ನೆಯ ವಚನದ ಮೊದಲು 12ರಲ್ಲಿ, ಆಮೇಲೆ 17ರಲ್ಲಿ ಅದನ್ನು ಎರಡು ಸಾರಿ ಹೇಳಿದೆ: ನಾನು ನಿಮ್ಮನ್ನು ಪ್ರೀತಿಸಿದಂತೆ ನೀವೂ ಒಬ್ಬರನ್ನೊಬ್ಬರು ಪ್ರೀತಿಸಬೇಕು. ಯೇಸು ತನ್ನ ಸ್ನೇಹಿತರಿಂದ ತನಗಾಗಿ ಏನನ್ನೂ ಕೇಳುವುದಿಲ್ಲ. ಪಕ್ಕದಲ್ಲಿ ಕುಳಿತಿರುವವನನ್ನು ತೋರಿಸುತ್ತಾನೆ. ಯಜಮಾನನ ಆಜ್ಞೆಯಂತೆ ಕೇಳಿಸುವ ಮಾತು ಯಜಮಾನನ ಲಾಭಕ್ಕೆ ಅಲ್ಲದಿರುವುದೇ ಹುಡುಕಾಟದವರ ಮೊದಲ ಪ್ರಶ್ನೆಗೆ ನನ್ನ ಉತ್ತರ.

ಅಬ್ರಹಾಮನನ್ನು ದೇವರ ಸ್ನೇಹಿತನೆಂದು ಕರೆಯುವ ಯಾಕೋಬ 2:23 ಯಾವ ಅಧ್ಯಾಯದಲ್ಲಿದೆಯೆಂಬುದನ್ನೂ ನೋಡಿ. ಸಭೆಗೆ ಬಂದ ಚಿನ್ನದುಂಗುರದವನಿಗೆ ಒಳ್ಳೆಯ ಆಸನವನ್ನು ಕೊಟ್ಟು, ಕೊಳೆಯಾದ ಬಟ್ಟೆಯ ಬಡವನಿಗೆ ಅಲ್ಲಿ ನಿಂತುಕೊಳ್ಳೆಂದು ಹೇಳುವವರನ್ನು ಗದರಿಸುತ್ತಾ ಆ ಅಧ್ಯಾಯ ಆರಂಭವಾಗುತ್ತದೆ. ಬಟ್ಟೆಯೂ ಆ ದಿನದ ಆಹಾರವೂ ಇಲ್ಲದವರಿಗೆ ಬರೀ ಒಳ್ಳೆಯ ಮಾತು ಹೇಳಿ ಕಳುಹಿಸುವ ನಂಬಿಕೆ ಸತ್ತದ್ದೆಂದು ಮುಂದುವರಿಯುತ್ತದೆ. ದೇವರ ಸ್ನೇಹಿತನೆಂಬ ಹೆಸರು ಬರುವುದು ಆ ವಾದದ ನಡುವೆ. ಎರಡು ಅಧ್ಯಾಯಗಳ ನಂತರ ಅದೇ ಯಾಕೋಬನು ಲೋಕಸ್ನೇಹವು ದೇವವೈರವೆನ್ನುತ್ತಾನೆ (4:4). ಇದನ್ನು ಕೆಲವರು ಲೋಕದ ಜನರಿಂದ ದೂರವಿರಬೇಕೆಂಬ ಆಜ್ಞೆಯಾಗಿ ಓದುತ್ತಾರೆ. ಸುಂಕದವರ ಮತ್ತು ಪಾಪಿಗಳ ಸ್ನೇಹಿತನೆಂದು ಯೇಸುವನ್ನೇ ಹಳಿದರೆಂಬ ಲೂಕ 7:34 ಇರುವಾಗ ಆ ಓದು ನಿಲ್ಲುವುದಿಲ್ಲ. ಯಾಕೋಬನ ಸಿಟ್ಟು ಜಗಳ, ಹೊಟ್ಟೆಕಿಚ್ಚು ಮತ್ತು ಭೋಗದಾಸೆಯ ಮೇಲೆ. ಅದೇ ಅಧ್ಯಾಯದ ಮೊದಲ ಮೂರು ವಚನಗಳಲ್ಲಿ ಅವನು ಅದನ್ನು ಬಿಡಿಸಿ ಹೇಳಿದ್ದಾನೆ.

ಆದ್ದರಿಂದ, ದೇವರ ಸ್ನೇಹಿತರಾದವರು ಆತನ ಸ್ನೇಹಿತರ ಪಟ್ಟಿಯನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಆ ಪಟ್ಟಿಯಲ್ಲಿ ನಮಗೆ ಹಿಡಿಸದವರು ಹಲವರು ಇರುತ್ತಾರೆ, ಅವರನ್ನು ಆರಿಸಿದ್ದು ನಾವಲ್ಲ. ಧೂಳುಬೂದಿಯವರು ಹೇಳಿದ ಭಯಭಕ್ತಿಯೂ ದ್ರಾಕ್ಷಾಬಳ್ಳಿಯವರು ಹೇಳಿದ ವಿಜ್ಞಾಪನೆಯೂ ಸರಿಯೇ, ಆದರೆ ಅಬ್ರಹಾಮನು ಸೊದೋಮಿನವರಂಥ ಜನರಿಗಾಗಿ ಬಾಯಿ ತೆರೆದನು ಎಂಬುದನ್ನು ಬಿಟ್ಟು ಅವನ ಪ್ರಾರ್ಥನೆಯನ್ನು ಹೊಗಳುವುದರಲ್ಲಿ ಅರ್ಥವಿಲ್ಲ.

ಉತ್ತರ 6 (ಬರೆದವರು: ಧೂಳುಬೂದಿ)

ಬೇಥಾನ್ಯದವರ ಮಾತಿಗೆ ನನ್ನ ಒಪ್ಪಿಗೆಯಿದೆ. ಒಂದನ್ನು ಮಾತ್ರ ಸೇರಿಸುತ್ತೇನೆ. ಲೂಕ 12:4ರಲ್ಲಿ "ನನ್ನ ಸ್ನೇಹಿತರಾದ ನಿಮಗೆ" ಎಂದು ಕರೆದ ಕೂಡಲೇ ಯೇಸು ಹೇಳುವುದು, ದೇಹವನ್ನು ಕೊಲ್ಲುವವರಿಗೆ ಹೆದರಬೇಡಿರಿ ಎಂಬುದು. ಪ್ರೀತಿಸಬೇಕೆಂಬ ಆಜ್ಞೆಗೆ ಯೋಹಾನ 15ರ 13ನೆಯ ವಚನದಲ್ಲಿ ಹಾಕಿಕೊಟ್ಟ ಅಳತೆಯೂ ಪ್ರಾಣ ಕೊಡುವುದೇ ಆಗಿದೆ. ಪಕ್ಕದವನನ್ನು ಪ್ರೀತಿಸುವುದೆಂದರೆ ಅಷ್ಟರ ಮಟ್ಟಿಗೆ ಎಂದು ಓದಿಕೊಂಡರೆ, ಅದನ್ನು ಸುಲಭವಾದ ಆಜ್ಞೆಯೆಂದು ಯಾರೂ ತಿಳಿಯಲಾರರು.